ಗೆಳೆಯನ ವಾಲ್ವ್ ಆಂಪ್, ಎಲ್ಲರಿಗೂ ಟೋನ್: ಕೆಲಸದ ಟಿಪ್ಪಣಿ

ಗೆಳೆಯನೊಬ್ಬ ತಾನೇ ಕೂತು ಕಟ್ಟಿದ 50 ವಾಟಿನ ಗಿಟಾರ್ ವಾಲ್ವ್ ಆಂಪ್ (ಗಾಜಿನ ನಿರ್ವಾತ ಕೊಳವೆಗಳಿಂದ ನಡೆಯುವ ಆಂಪ್ಲಿಫೈಯರ್) ಈಗ ನನ್ನ ಮೇಜಿನ ಮೇಲಿದೆ. ಮಾರ್ಷಲ್ 2204ರ ಸರ್ಕ್ಯೂಟ್. ಸಿಗ್ನಲ್ ಮೊದಲು ಸೇರುವ ಪ್ರೀಆಂಪಿನಲ್ಲಿ ಮೂರು 12ಎಎಕ್ಸ್7 ವಾಲ್ವ್, ಸ್ಪೀಕರ್ ಓಡಿಸುವ ಪವರ್ ಕಡೆ ಎರಡು ಇಎಲ್34 ವಾಲ್ವ್. ಗೇನ್, ಮಾಸ್ಟರ್, ಬಾಸ್, ಮಿಡ್ಲ್, ಟ್ರೆಬಲ್, ಪ್ರೆಸೆನ್ಸ್, ಇಷ್ಟೇ ನಾಬ್‌ಗಳು. ರಿವರ್ಬ್ ಇಲ್ಲ, ಎರಡನೇ ಚಾನೆಲ್ ಇಲ್ಲ. ಇಂಥ ಆಂಪ್ ಎಲ್ಲರ ಕೈಗೂ ಸಿಗುವುದಿಲ್ಲ. ಸಿಕ್ಕರೂ ಮನೆಯಲ್ಲಿ ಅದನ್ನು ಬಿಚ್ಚು ಮನಸ್ಸಿನಿಂದ ನುಡಿಸಲು ಆಗುವುದಿಲ್ಲ, ಅಷ್ಟು ಜೋರು. ಹಾಗಾಗಿ ಅದರ ಟೋನ್‌ಗಳನ್ನು, ಅಂದರೆ ಸದ್ದಿನ ಗುಣವನ್ನು, ಕಂಪ್ಯೂಟರ್ ಫೈಲಾಗಿ ಹಿಡಿದು ನಮ್ಮ ಆನ್‌ಲೈನ್ ಗಿಟಾರ್ ಬಳಗಕ್ಕೆ ಫ್ರೀಯಾಗಿ ಕೊಡೋಣ ಅಂತ ಇಬ್ಬರೂ ಮಾತಾಡಿಕೊಂಡೆವು.

ಹಿಡಿಯಲು ಬಳಸಿದ್ದು ನ್ಯೂರಲ್ ಆಂಪ್ ಮಾಡೆಲರ್, ಎಲ್ಲರೂ ನ್ಯಾಮ್ ಅನ್ನುತ್ತಾರಲ್ಲ, ಅದು. ಸ್ಟೀವನ್ ಆಟ್ಕಿನ್ಸನ್ ಬರೆದು ಎಂಐಟಿ ಲೈಸೆನ್ಸಿನಲ್ಲಿ ಬಿಟ್ಟಿರುವ ಸಾಫ್ಟ್‌ವೇರ್. ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ. ಮೊದಲೇ ಸಿದ್ಧವಿರುವ ಒಂದು ಆಡಿಯೋ ಫೈಲನ್ನು ಆಂಪಿನೊಳಕ್ಕೆ ಕಳಿಸಬೇಕು, ಹೊರಗೆ ಬಂದದ್ದನ್ನು ರೆಕಾರ್ಡ್ ಮಾಡಬೇಕು. ಒಳಗೆ ಹೋದದ್ದು, ಹೊರಗೆ ಬಂದದ್ದು ಎರಡನ್ನೂ ಜೊತೆಗಿಟ್ಟರೆ ಒಂದು ಸಣ್ಣ ನ್ಯೂರಲ್ ನೆಟ್‌ವರ್ಕ್ ಆಂಪಿನ ನಡತೆಯನ್ನು ಕಲಿಯುತ್ತದೆ. ಕೊನೆಗೆ ಸಿಗುವುದು ಒಂದು ಪುಟ್ಟ ಫೈಲ್. ಅದನ್ನು ತೆರೆಯುವ ಪ್ಲಗಿನ್ (ರೆಕಾರ್ಡಿಂಗ್ ಸಾಫ್ಟ್‌ವೇರಿನೊಳಗೆ ಓಡುವ ಪುಟ್ಟ ಪ್ರೋಗ್ರಾಂ) ಕೂಡ ಫ್ರೀ. ಯಾವ ಡಬ್ಬಿಯನ್ನೂ ಕೊಳ್ಳದೆ, ಇರುವ ಕಂಪ್ಯೂಟರಿನಲ್ಲೇ ನುಡಿಸಬಹುದು. ಹಂಚಿಕೊಳ್ಳಲು ನ್ಯಾಮ್ ಆರಿಸಿದ್ದು ಅದಕ್ಕೇ.

ಫ್ರೀ ಟೋನ್‌ಗಳಿಗೆ ಈಗ ಬರವೇನೂ ಇಲ್ಲ. ಆದರೆ ಇಳಿಸಿಕೊಂಡ ಎಷ್ಟೋ ಫೈಲ್‌ಗಳು ನುಡಿಸಿದ ಕೂಡಲೇ ಬೇಜಾರು ತರಿಸುತ್ತವೆ. ಕ್ಲೀನ್ (ತಿಳಿಯಾದ ಸದ್ದು) ಅಂತ ಬರೆದದ್ದು ಬಿರುಕು ಬಿಡುತ್ತದೆ, ಕ್ರಂಚ್ (ಸ್ವಲ್ಪ ಒರಟು ಸದ್ದು) ಅಂತ ಬರೆದದ್ದು ಮೆತ್ತಗೆ ಬರುತ್ತದೆ. ಹಿಡಿದವರ ತಪ್ಪು ಅಂತ ನಮಗೆ ಅನಿಸುತ್ತದೆ. ಬಹಳ ಸಲ ಫೈಲ್ ಚೆನ್ನಾಗಿಯೇ ಇರುತ್ತದೆ. ಎಷ್ಟು ವೋಲ್ಟೇಜಿನಲ್ಲಿ ಹಿಡಿದರು, ಯಾವ ದಾರಿಯಲ್ಲಿ ಸಿಗ್ನಲ್ ಹೋಯಿತು ಅನ್ನುವುದನ್ನು ಬರೆದಿರುವುದಿಲ್ಲ ಅಷ್ಟೇ. ಆ ಮಾಹಿತಿ ಇಲ್ಲದಿದ್ದರೆ ಅವರ ಆಂಪ್ ನಮ್ಮ ಗಿಟಾರಿಗೆ ಅದೇ ರೀತಿ ಸ್ಪಂದಿಸುವುದಿಲ್ಲ. ನಾವು ಹಂಚುವ ಈ ಫೈಲ್‌ಗಳ ಪ್ಯಾಕ್‌ನಲ್ಲಿ ಆ ಕೊರತೆ ಇರಬಾರದು ಅಂತ ಹಟ ಹಿಡಿದೇ ಕೆಲಸಕ್ಕಿಳಿದೆ.

ಮೊದಲು ಆಂಪಿನ ರಿಪೇರಿ

ಆಂಪ್ ಬಂದಾಗ ಎರಡು ತೊಂದರೆ ಇದ್ದವು. ಗೇನ್ ನಾಬ್ ತಿರುಗಿಸಿದರೆ ಸ್ಪೀಕರಿನಲ್ಲಿ ಕರಕರ ಸದ್ದು. ಗೇನ್ ಜಾಸ್ತಿ ಇಟ್ಟು ಸುಮ್ಮನೆ ಬಿಟ್ಟರೆ ಆಗಾಗ ಕಿಣಿ ಕಿಣಿ ಅನ್ನುವ ಅನುರಣನ, ಯಾರೋ ಲೋಟ ತಟ್ಟಿದ ಹಾಗೆ. ಹಾಗೇ ಹಿಡಿದರೆ ಆಗುವುದಿಲ್ಲವಾ? ಆಗುವುದಿಲ್ಲ. ನೆಟ್‌ವರ್ಕ್ ಕಲಿಯುವುದು ಇಂಥ ಇನ್‌ಪುಟ್ ಬಂದರೆ ಇಂಥ ಔಟ್‌ಪುಟ್ ಬರುತ್ತದೆ ಅನ್ನುವ ಸಂಬಂಧವನ್ನು. ಇನ್‌ಪುಟ್ಟಿಗೆ ಸಂಬಂಧವೇ ಇಲ್ಲದೆ ತನ್ನ ಪಾಡಿಗೆ ಬರುವ ಸದ್ದನ್ನು ಅದು ಕಲಿಯಲಾರದು. ಅಂಥ ಸದ್ದು ಲೆಕ್ಕವನ್ನು ಕೆಡಿಸುತ್ತದೆ, ಅಷ್ಟೇ.

ಕಿಣಿ ಕಿಣಿ ಸುಲಭದ್ದು. ಆಂಪ್ ಆನ್ ಇರುವಾಗಲೇ ಒಂದು ಮರದ ಪೆನ್ಸಿಲಿನ ಹಿಂಬದಿಯಿಂದ ಪ್ರೀಆಂಪ್ ವಾಲ್ವ್‌ಗಳ ಗಾಜನ್ನು ಒಂದೊಂದಾಗಿ ಮೆಲ್ಲಗೆ ತಟ್ಟಿದೆ. ಎಲ್ಲ ವಾಲ್ವ್‌ಗಳೂ ಸ್ವಲ್ಪ ಸದ್ದು ಮಾಡುತ್ತವೆ, ಅದು ಸಹಜ. ಮೊದಲನೆಯದು ಮಾತ್ರ ತಟ್ಟಿದ ಮೇಲೂ ಮೊಳಗುತ್ತಲೇ ಇತ್ತು. ಆಂಪ್ ಆಫ್ ಮಾಡಿ, ಆರಲು ಬಿಟ್ಟು, ಮೊದಲನೇ ವಾಲ್ವನ್ನು ಮೂರನೇ ಜಾಗಕ್ಕೆ, ಮೂರನೆಯದನ್ನು ಮೊದಲಿಗೆ ಹಾಕಿದೆ. ಸದ್ದು ವಾಲ್ವಿನ ಜೊತೆಗೇ ಹೋಯಿತು. ಅಂದರೆ ಸಾಕೆಟ್ ಚೆನ್ನಾಗಿದೆ, ವಾಲ್ವ್ ಕೆಟ್ಟಿದೆ. ಬೇರೆ 12ಎಎಕ್ಸ್7 ಹಾಕಿದ ಮೇಲೆ ನಿಂತಿತು.

ಕರಕರ ಅಷ್ಟು ಬೇಗ ಬಗೆಹರಿಯಲಿಲ್ಲ. ಇಂಥ ಸದ್ದು ಬಂದರೆ ಮೊದಲು ಪಾಟ್‌ನೊಳಗೆ (ನಾಬಿನ ಹಿಂದಿರುವ, ತಿರುಗಿಸಿದರೆ ರೆಸಿಸ್ಟೆನ್ಸ್ ಬದಲಾಗುವ ಭಾಗ) ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಆ ಕೊನೆಯಿಂದ ಈ ಕೊನೆಗೆ ಚೆನ್ನಾಗಿ ತಿರುಗಿಸುವುದು ವಾಡಿಕೆ. ಮಾಡಿದೆ. ಸ್ವಲ್ಪ ಕಡಿಮೆಯಾಯಿತು, ಹೋಗಲಿಲ್ಲ. ಹಾಗೆ ಉಳಿದರೆ ಪಾಟ್‌ಗಿಂತ ಅದರ ಹಿಂದಿನ ಕಪ್ಲಿಂಗ್ ಕೆಪಾಸಿಟರ್ ಮೇಲೆ ಅನುಮಾನ ಬರಬೇಕು. ಮೊದಲನೇ ವಾಲ್ವಿನ ಪ್ಲೇಟಿನಲ್ಲಿ, ಅಂದರೆ ಸಿಗ್ನಲ್ ಹೊರಬರುವ ತುದಿಯಲ್ಲಿ, ನೂರಕ್ಕೂ ಹೆಚ್ಚು ವೋಲ್ಟ್ ಡಿಸಿ ಇರುತ್ತದೆ. ಅದನ್ನು ತಡೆದು ಸಿಗ್ನಲ್ ಒಂದನ್ನೇ ಪಾಟ್ ಕಡೆಗೆ ಬಿಡುವುದು 0.022 ಮೈಕ್ರೋಫ್ಯಾರಡ್‌ನ ಆ ಪುಟ್ಟ ಕೆಪಾಸಿಟರ್. ಅದು ಸೋರಲು ಶುರುವಾದರೆ ಪಾಟ್ ಮೇಲೆ ಡಿಸಿ ಬಂದು ಕೂರುತ್ತದೆ. ಆಮೇಲೆ ಪಾಟ್ ಎಷ್ಟೇ ಸ್ವಚ್ಛವಾಗಿದ್ದರೂ ತಿರುಗಿಸಿದಾಗಲೆಲ್ಲ ಕರಕರ.

ಇದಕ್ಕೆ ಚಾಸಿ, ಅಂದರೆ ಸರ್ಕ್ಯೂಟ್ ಇರುವ ಲೋಹದ ಪೆಟ್ಟಿಗೆ, ಬಿಚ್ಚಬೇಕು. ಅಲ್ಲಿ ನಾನು ಕೈ ಹಾಕಲಿಲ್ಲ, ಕಟ್ಟಿದವನನ್ನೇ ಕರೆದೆ. ವಾಲ್ವ್ ಆಂಪಿನ ಫಿಲ್ಟರ್ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ನಾನೂರು ವೋಲ್ಟಿನಷ್ಟು ಹಿಡಿದಿಟ್ಟುಕೊಂಡಿರಬಹುದು. ಅದು ಜೀವ ತೆಗೆಯುವ ವೋಲ್ಟೇಜು. ಅಭ್ಯಾಸ ಇಲ್ಲದವರು ದಯವಿಟ್ಟು ತೆರೆಯಬೇಡಿ. ಅವನು ಮೊದಲು ಒಂದು ರೆಸಿಸ್ಟರ್ ಮೂಲಕ ಕೆಪಾಸಿಟರ್‌ಗಳನ್ನು ಖಾಲಿ ಮಾಡಿದ, ಮೀಟರ್ ಇಟ್ಟು ಸೊನ್ನೆಗೆ ಬಂದದ್ದನ್ನು ನನಗೂ ತೋರಿಸಿದ. ‘ಮೀಟರ್ ಹೇಳೋವರೆಗೂ ನಂಬಬಾರದು ಕಣೋ’ ಅಂದ. ಹಳೇ ಕೆಪಾಸಿಟರ್ ಬಿಚ್ಚಿ ಹೊಸದನ್ನು ಬೆಸೆದ. ಆನ್ ಮಾಡಿ ನೋಡಿದರೆ ಗೇನ್ ನಾಬ್ ಸೊನ್ನೆಯಿಂದ ಹತ್ತಕ್ಕೆ ಸದ್ದಿಲ್ಲದೆ ತಿರುಗಿತು.

ರೀಆಂಪ್ ಡಬ್ಬಿ

ಆಡಿಯೋ ಇಂಟರ್‌ಫೇಸಿನ (ಕಂಪ್ಯೂಟರಿಗೆ ಸದ್ದನ್ನು ಒಳಗೆ ತರುವ, ಹೊರಗೆ ಕಳಿಸುವ ಸಾಧನ) ಲೈನ್ ಔಟ್‌ಪುಟ್ಟನ್ನು ನೇರ ಆಂಪಿಗೆ ಚುಚ್ಚಬಹುದು, ಸದ್ದು ಬರುತ್ತದೆ. ಆದರೆ ಎರಡು ತೊಡಕು. ಲೈನ್ ಲೆವೆಲ್ ಗಿಟಾರಿಗಿಂತ ತುಂಬಾ ಜಾಸ್ತಿ. ಕಂಪ್ಯೂಟರಿನ ಅರ್ಥಿಂಗು, ಆಂಪಿನ ಅರ್ಥಿಂಗು ಎರಡೂ ಕೇಬಲಿನ ಶೀಲ್ಡ್ ಮೂಲಕ ಸುತ್ತು ಹಾಕಿಕೊಂಡು ಗುಂಯ್ ಅನ್ನುವ ಹಮ್ ತರುತ್ತವೆ. ಈ ಎರಡಕ್ಕೂ ಮದ್ದು ರೀಆಂಪ್ ಬಾಕ್ಸ್. ರೆಡಿಮೇಡ್ ಸಿಗುತ್ತವೆ. ಒಳಗೆ ಇರುವುದು ಮಾತ್ರ ಬಹಳ ಕಡಿಮೆ ಸಾಮಾನು, ಹಾಗಾಗಿ ಕಟ್ಟಿಕೊಂಡೆ.

ನಡುವೆ ಒಂದು ಆಡಿಯೋ ಟ್ರಾನ್ಸ್‌ಫಾರ್ಮರ್, 10 ಕಿಲೋಓಮ್‌ಗೆ 10 ಕಿಲೋಓಮ್, ಅಂದರೆ ಒಂದಕ್ಕೆ ಒಂದು. ಇನ್‌ಪುಟ್ ಕಡೆ ಬ್ಯಾಲೆನ್ಸ್ಡ್ ಜ್ಯಾಕ್. ಜ್ಯಾಕಿನ ತುದಿ ಟಿಪ್, ನಡುವಿನ ಬಳೆ ರಿಂಗ್, ಬುಡ ಸ್ಲೀವ್. ಅದರ ಟಿಪ್ ಮತ್ತು ರಿಂಗ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯ ಎರಡು ತುದಿಗೆ. ಸೆಕೆಂಡರಿಗೆ ಅಡ್ಡಲಾಗಿ 10 ಕಿಲೋಓಮ್ ಪಾಟ್. ಪಾಟ್‌ನ ನಡುಗಾಲಿನಿಂದ 4.7 ಕಿಲೋಓಮ್ ರೆಸಿಸ್ಟರ್ ದಾಟಿ ಔಟ್‌ಪುಟ್ ಜ್ಯಾಕಿನ ಟಿಪ್. ಪಾಟ್‌ನ ಕೆಳಕಾಲು ಔಟ್‌ಪುಟ್ ಜ್ಯಾಕಿನ ಸ್ಲೀವ್‌ಗೆ, ಡಬ್ಬಿಗೆ. ಇಷ್ಟೇ.

ಆ 4.7 ಕಿಲೋಓಮ್ ಯಾಕೆ ಅಂದರೆ, ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಗಿಟಾರ್ ಪಿಕಪ್ಪಿಗೆ ಸಾಮಾನ್ಯವಾಗಿ 6ರಿಂದ 10 ಕಿಲೋಓಮ್‌ನಷ್ಟು ಡಿಸಿ ರೆಸಿಸ್ಟೆನ್ಸ್ ಇರುತ್ತದೆ. ಪಾಟ್ ನಡುವೆ ಇದ್ದಾಗ ಅದರಿಂದ ಕಾಣುವುದು 2.5 ಕಿಲೋಓಮ್. ಎರಡೂ ಸೇರಿ ಹೆಚ್ಚುಕಡಿಮೆ ಪಿಕಪ್ಪಿನ ಆಸುಪಾಸಿಗೆ ಬರುತ್ತದೆ. ಪಿಕಪ್ಪಿನ ಇಂಡಕ್ಟೆನ್ಸ್ ಇದರಲ್ಲಿ ಬರುವುದಿಲ್ಲ ಅನ್ನುವುದು ನಿಜ. ಆಂಪಿನ ಇನ್‌ಪುಟ್ 1 ಮೆಗಾಓಮ್ ಇರುವುದರಿಂದ ಇಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಹಳೇ ಮಾದರಿಯ ಫಜ್ ಪೆಡಲ್ ಮೊದಲಿಗೆ ಬಂದರೆ ಮಾತ್ರ ಕಥೆ ಬೇರೆ. ಅದರ ಇನ್‌ಪುಟ್ ಇಂಪಿಡೆನ್ಸ್ (ಸಿಗ್ನಲಿಗೆ ಒಡ್ಡುವ ತಡೆ) ಕಡಿಮೆ, ಅದು ಪಿಕಪ್ಪಿನ ಜೊತೆ ಸೇರಿಯೇ ಸದ್ದು ಮಾಡುವಂಥದ್ದು. ಫಜ್ ಹಿಡಿಯುವ ಯೋಚನೆ ಇದ್ದರೆ ಈ ಡಬ್ಬಿ ಸಾಲದು.

ಕಟ್ಟುವವರು ಒಂದು ಕಡೆ ಹುಷಾರಾಗಿರಬೇಕು. ಕಬ್ಬಿಣದ್ದೋ ಅಲ್ಯೂಮಿನಿಯಂದೋ ಡಬ್ಬಿಗೆ ಲೋಹದ ಜ್ಯಾಕ್‌ಗಳನ್ನೇ ಎರಡೂ ಕಡೆ ಬಿಗಿದರೆ, ಎರಡರ ಸ್ಲೀವೂ ಡಬ್ಬಿಯ ಮೂಲಕವೇ ಒಂದಾಗಿಬಿಡುತ್ತವೆ. ಟ್ರಾನ್ಸ್‌ಫಾರ್ಮರ್ ಹಾಕಿಯೂ ಹಾಕದ ಹಾಗೆ. ಇನ್‌ಪುಟ್ಟಿಗೆ ಪ್ಲಾಸ್ಟಿಕ್ ಮೈಯ ಜ್ಯಾಕ್ ಹಾಕಿ, ಅದರ ಸ್ಲೀವಿನಿಂದ ಡಬ್ಬಿಗೆ ಒಂದು ಸ್ವಿಚ್ ಇಡಬೇಕು. ಅದೇ ಗ್ರೌಂಡ್ ಲಿಫ್ಟ್. ಮುಚ್ಚಳ ಹಾಕುವ ಮೊದಲು ಮೀಟರನ್ನು ಕಂಟಿನ್ಯುಟಿಗೆ ಇಟ್ಟು ಎರಡೂ ಸ್ಲೀವ್ ಮುಟ್ಟಿ ನೋಡಿದೆ. ಸ್ವಿಚ್ ಒಂದು ಕಡೆ ಇದ್ದಾಗ ಬೀಪ್, ಇನ್ನೊಂದು ಕಡೆ ಮೌನ. ಹಾಗೆ ಬಂದರೆ ವೈರಿಂಗ್ ಸರಿ.

ಆಂಪಿಗೆ ಹಚ್ಚಿ, ಏನೂ ಕಳಿಸದೆ ಗೇನ್ ಏರಿಸಿ ಕೇಳಿದಾಗ ಸಣ್ಣಗೆ ಹಮ್ ಉಳಿದಿತ್ತು. ಲಿಫ್ಟ್ ಹಾಕಿದರೂ ಇತ್ತು. ಡಬ್ಬಿಯನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದೆ. ಒಂದು ಕೋನದಲ್ಲಿ ಹಮ್ ಏರುತ್ತದೆ, ಇನ್ನೊಂದರಲ್ಲಿ ಬಹುತೇಕ ಮಾಯ. ಆಂಪಿನ ಪವರ್ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವನ್ನು ಡಬ್ಬಿಯ ಟ್ರಾನ್ಸ್‌ಫಾರ್ಮರ್ ಹಿಡಿಯುತ್ತಿತ್ತು. ಡಬ್ಬಿಯನ್ನು ಆಂಪ್ ಮೇಲಿಂದ ಇಳಿಸಿ ಒಂದು ಮೀಟರ್ ದೂರದಲ್ಲಿ, ಹಮ್ ತೀರಾ ಕಡಿಮೆ ಇರುವ ಕೋನದಲ್ಲಿ ಇಟ್ಟೆ. ರೆಕಾರ್ಡಿಂಗ್ ಮುಗಿಯುವವರೆಗೂ ಅದು ಅಲ್ಲಿಂದ ಕದಲಲಿಲ್ಲ.

2.45 ವೋಲ್ಟ್

ಇಡೀ ಪ್ಯಾಕ್‌ನಲ್ಲಿ ನನಗೆ ಮುಖ್ಯ ಅನಿಸಿದ ಭಾಗ ಇದೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕಂಪ್ಯೂಟರಿನೊಳಗಿನ ಸಿಗ್ನಲಿಗೆ ವೋಲ್ಟೇಜ್ ಅನ್ನುವುದಿಲ್ಲ, ಬರೀ ಅಂಕಿ. ಅತಿ ದೊಡ್ಡ ಅಂಕಿ ಅಂದರೆ ಸೊನ್ನೆ ಡಿಬಿ ಫುಲ್ ಸ್ಕೇಲ್. ಆ ಅಂಕಿ ಆಂಪಿನ ಜ್ಯಾಕಿನಲ್ಲಿ ಎಷ್ಟು ವೋಲ್ಟ್ ಆಗುತ್ತದೆ ಅನ್ನುವುದು ಇಂಟರ್‌ಫೇಸು ಮತ್ತು ರೀಆಂಪ್ ಡಬ್ಬಿಯ ಪಾಟ್ ಮೇಲೆ ನಿಂತಿದೆ. ಆಂಪಿಗೆ ಗೊತ್ತಿರುವುದು ವೋಲ್ಟ್ ಒಂದೇ. 12ಎಎಕ್ಸ್7 ಯಾವಾಗ ಒಡೆಯಬೇಕು, ಅಂದರೆ ಸದ್ದು ಯಾವಾಗ ಡಿಸ್ಟಾರ್ಟ್ ಆಗಬೇಕು, ಅಂತ ತೀರ್ಮಾನಿಸುವುದು ಅದರ ಗ್ರಿಡ್ಡಿಗೆ (ಸಿಗ್ನಲ್ ಒಳಬರುವ ತುದಿ) ಬಂದ ವೋಲ್ಟೇಜ್ ನೋಡಿ. ಅಂದಮೇಲೆ ಹಿಡಿಯುವಾಗಿನ ವೋಲ್ಟೇಜ್ ಗೊತ್ತಿಲ್ಲದಿದ್ದರೆ ಗೇನ್ 5 ಅಂತ ಬರೆದದ್ದಕ್ಕೆ ಅರ್ಥವೇ ಇಲ್ಲ, ಅಲ್ವಾ?

ಅಳೆಯಲು ಸಾಮಾನ್ಯ ಮಲ್ಟಿಮೀಟರ್ ಸಾಕು. ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಫುಲ್ ಸ್ಕೇಲ್ ಮುಟ್ಟುವ ಒಂದು ಸೈನ್ ವೇವ್ ತಯಾರಿಸಿ, ಲೈನ್ ಔಟ್‌ನಿಂದ ಡಬ್ಬಿಗೆ ಕಳಿಸಿ, ಡಬ್ಬಿಯಿಂದ ಬರುವ ಕೇಬಲನ್ನು ಆಂಪಿಗೆ ಚುಚ್ಚದೆ ಅದರ ಟಿಪ್ ಮತ್ತು ಸ್ಲೀವ್ ನಡುವೆ ಎಸಿ ವೋಲ್ಟ್ ನೋಡಿದೆ. ನ್ಯಾಮ್ ಲೆಕ್ಕದಲ್ಲಿ 1 ಕಿಲೋಹರ್ಟ್ಸ್ ಸೈನ್ ಅಂತ ಇದೆ. ಆದರೆ ಸಾಧಾರಣ ಮೀಟರ್‌ಗಳು ಕರೆಂಟಿನ 50, 60 ಹರ್ಟ್ಸ್‌ಗಾಗಿ ಮಾಡಿದವು. ಎಷ್ಟೋ ಮೀಟರ್‌ಗಳು 400 ಹರ್ಟ್ಸ್ ದಾಟಿದರೆ ತಪ್ಪು ಓದುತ್ತವೆ. ಹಾಗಾಗಿ ನಾನು 200 ಹರ್ಟ್ಸ್ ಬಳಸಿದೆ. ಇಂಟರ್‌ಫೇಸು, ಟ್ರಾನ್ಸ್‌ಫಾರ್ಮರ್ ಎರಡೂ 200 ಹರ್ಟ್ಸ್‌ನಲ್ಲೂ 1 ಕಿಲೋಹರ್ಟ್ಸ್‌ನಲ್ಲೂ ಒಂದೇ ಮಟ್ಟ ಕೊಡುವುದರಿಂದ ವ್ಯತ್ಯಾಸ ಆಗುವುದಿಲ್ಲ.

ಮೀಟರ್ ನೋಡುತ್ತಾ ಡಬ್ಬಿಯ ಪಾಟನ್ನು 2.45 ವೋಲ್ಟ್ ಬರುವವರೆಗೆ ತಿರುಗಿಸಿ, ಅಲ್ಲೇ ನಾಬಿಗೆ ಟೇಪ್ ಹಚ್ಚಿದೆ. ಯಾಕೆ 2.45? ಡಿಬಿಯು ಲೆಕ್ಕದಲ್ಲಿ ಸೊನ್ನೆ ಅಂದರೆ 0.775 ವೋಲ್ಟ್. 2.45 ಅಂದರೆ ಸರಿಯಾಗಿ 10 ಡಿಬಿಯು. ಗುಂಡು ಅಂಕಿ, ನೆನಪಿಡಲು ಸುಲಭ. ಅದರ ಶಿಖರ 3.46 ವೋಲ್ಟ್, ಜೋರು ಹಂಬಕರ್ (ಎರಡು ಕಾಯಿಲಿನ ಪಿಕಪ್) ಗಿಟಾರನ್ನು ಬಿಗಿಯಾಗಿ ಬಾರಿಸಿದರೂ ಅದರೊಳಗೆ ಕೂರುತ್ತದೆ. ತೀರಾ ಕಡಿಮೆ ಇಟ್ಟಿದ್ದರೆ ಬಿಗಿಯಾಗಿ ಬಾರಿಸಿದಾಗ ಆಂಪ್ ಏನು ಮಾಡುತ್ತದೆ ಅನ್ನುವುದನ್ನು ನೆಟ್‌ವರ್ಕ್ ನೋಡಿಯೇ ಇರುವುದಿಲ್ಲ.

ಈಗ ಇಳಿಸಿಕೊಂಡವರ ಕಡೆಯ ಲೆಕ್ಕ. ನಿಮ್ಮ ಇಂಟರ್‌ಫೇಸಿನ ವಿವರಪಟ್ಟಿಯಲ್ಲಿ ಇನ್‌ಸ್ಟ್ರುಮೆಂಟ್ ಇನ್‌ಪುಟ್ಟಿನ ಗರಿಷ್ಠ ಲೆವೆಲ್ ಎಷ್ಟು ಅಂತ ಕೊಟ್ಟಿರುತ್ತಾರೆ. ಉದಾಹರಣೆಗೆ ಗೇನ್ ಪೂರ್ತಿ ಕೆಳಗಿದ್ದಾಗ 12.5 ಡಿಬಿಯು ಅಂತ ಇದೆ ಅನ್ನೋಣ. ಅಂದರೆ ನಿಮ್ಮಲ್ಲಿ 12.5 ಡಿಬಿಯು ಬಂದಾಗ ಫುಲ್ ಸ್ಕೇಲ್, ನಾನು ಹಿಡಿದಾಗ 10ಕ್ಕೇ ಫುಲ್ ಸ್ಕೇಲ್. ನಿಮ್ಮ ಸಿಗ್ನಲ್ 2.5 ಡಿಬಿ ಕಮ್ಮಿ ಬೀಳುತ್ತದೆ. ಪ್ಲಗಿನ್‌ನ ಇನ್‌ಪುಟ್ ನಾಬನ್ನು 2.5 ಡಿಬಿ ಏರಿಸಿದರೆ ನಿಮ್ಮ ಗಿಟಾರ್ ಈ ಆಂಪಿಗೆ ನೇರ ಚುಚ್ಚಿದ ಹಾಗೆಯೇ ಆಯಿತು. ಇಂಟರ್‌ಫೇಸಿನ ಗೇನ್ ನಾಬ್ ಮಾತ್ರ ಪೂರ್ತಿ ಕೆಳಗೇ ಇರಲಿ, ಅದನ್ನು ತಿರುಗಿಸಿದರೆ ಈ ಲೆಕ್ಕ ಹೋಯಿತು. ನ್ಯಾಮ್ ಫೈಲಿನ ಮೆಟಾಡೇಟಾದಲ್ಲಿ ಇನ್‌ಪುಟ್ ಲೆವೆಲ್ ಬರೆಯಲು ಒಂದು ಜಾಗವೇ ಇದೆ. ಅಲ್ಲಿ 10 ಅಂತ ತುಂಬಿಸಿದ್ದೇನೆ. ಪ್ಲಗಿನ್‌ನ ಸೆಟ್ಟಿಂಗಿನಲ್ಲಿ ನಿಮ್ಮ ಇಂಟರ್‌ಫೇಸಿನ ಅಂಕಿ ಒಮ್ಮೆ ಹಾಕಿ ಕ್ಯಾಲಿಬ್ರೇಷನ್ ಆನ್ ಮಾಡಿದರೆ ಈ ಕೂಡುಕಳೆ ಅದೇ ಮಾಡಿಕೊಳ್ಳುತ್ತದೆ.

ಲೋಡ್ ಬಾಕ್ಸ್, ರೆಕಾರ್ಡಿಂಗ್

ವಾಲ್ವ್ ಆಂಪನ್ನು ಸ್ಪೀಕರ್ ಇಲ್ಲದೆ ಓಡಿಸಬಾರದು. ಲೋಡ್ ಇಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಸ್ಪೀಕರಿನ ಬದಲು ರಿಯಾಕ್ಟಿವ್ ಲೋಡ್ ಬಾಕ್ಸ್ ಹಾಕಿದೆ, 8 ಓಮ್. ಆಂಪಿನ ಹಿಂದಿನ ಸೆಲೆಕ್ಟರ್ ಕೂಡ 8ರಲ್ಲೇ. ಬರೀ ರೆಸಿಸ್ಟರ್ ಇರುವ ಲೋಡೂ ಆಂಪನ್ನು ಕಾಪಾಡುತ್ತದೆ, ಟೋನ್ ಮಾತ್ರ ಸಪ್ಪೆ. ನಿಜವಾದ ಸ್ಪೀಕರಿನ ಇಂಪಿಡೆನ್ಸ್ ಎಲ್ಲ ಕಡೆ 8 ಇರುವುದಿಲ್ಲ. ಸುಮಾರು 100 ಹರ್ಟ್ಸ್ ಸುತ್ತಮುತ್ತ ಒಂದು ಗುಡ್ಡ, ಆಮೇಲೆ ಟ್ರೆಬಲ್ ಕಡೆ ಹೋದಂತೆ ಏರಿಕೆ. ಪವರ್ ವಾಲ್ವ್‌ಗಳು ಆ ಏರಿಳಿತಕ್ಕೆ ಸ್ಪಂದಿಸುತ್ತವೆ. ಬಾಸ್ ತುಂಬಿ ಬರುವುದು, ಮೇಲಿನ ತುದಿ ಹೊಳೆಯುವುದು ಅದರಿಂದ. ರಿಯಾಕ್ಟಿವ್ ಲೋಡ್ ಆ ಗುಡ್ಡವನ್ನೂ ಏರಿಕೆಯನ್ನೂ ಕಾಯಿಲ್ ಮತ್ತು ಕೆಪಾಸಿಟರ್ ಇಟ್ಟು ತೋರಿಸುತ್ತದೆ.

ಲೋಡ್ ಬಾಕ್ಸಿನ ಲೈನ್ ಔಟ್‌ನಿಂದ ಇಂಟರ್‌ಫೇಸಿನ ಲೈನ್ ಇನ್‌ಗೆ. 48 ಕಿಲೋಹರ್ಟ್ಸ್, 24 ಬಿಟ್, ಮೋನೋ. ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಯಾವ ಪ್ಲಗಿನ್ನೂ ಆನ್ ಇರಬಾರದು, ಮಾಸ್ಟರ್ ಚಾನೆಲ್ಲಿನ ಲಿಮಿಟರ್ ಕೂಡ. ಆಂಪನ್ನು ಅರ್ಧ ಗಂಟೆ ಕಾಯಿಸಿ ಆಮೇಲೆ ಶುರು. ನ್ಯಾಮ್ ಕೊಡುವ ಇನ್‌ಪುಟ್ ಫೈಲ್ ಮೂರು ನಿಮಿಷ ಚಿಲ್ಲರೆ ಓಡುತ್ತದೆ. ಶುರುವಿನ ಹತ್ತಿರ ಟಕ್ ಟಕ್ ಅನ್ನುವ ಗುರುತುಗಳು ಬರುತ್ತವೆ. ಸಿಗ್ನಲ್ ಸುತ್ತಿ ಬರಲು ಹಿಡಿದ ಸಮಯವನ್ನು ಅದರಿಂದಲೇ ಅಳೆದುಕೊಳ್ಳುತ್ತದೆ. ಆದ್ದರಿಂದ ರೆಕಾರ್ಡಿಂಗಿನ ತಲೆ, ಬಾಲ ಕತ್ತರಿಸಬಾರದು. ಪರೀಕ್ಷೆಗೆಂದು ಇಟ್ಟ ಒಂದೇ ತುಣುಕು ಮೊದಲಲ್ಲೂ ಕೊನೆಯಲ್ಲೂ ಬರುತ್ತದೆ. ಎರಡು ಸಲವೂ ಆಂಪ್ ಒಂದೇ ಥರ ಉತ್ತರ ಕೊಡದಿದ್ದರೆ ಪ್ರೋಗ್ರಾಂ ಎಚ್ಚರಿಸುತ್ತದೆ. ರಿಪೇರಿ ಮಾಡದೆ ಕೂತಿದ್ದರೆ ಇಲ್ಲೇ ಸಿಕ್ಕಿಬೀಳುತ್ತಿದ್ದೆವು.

ಗೇನ್ ಎಲ್ಲೆಲ್ಲಿ ಇಟ್ಟು ಹಿಡಿಯಬೇಕು ಅನ್ನುವುದು ಕಿವಿಯ ಕೆಲಸ. ನ್ಯಾಮ್ ಫೈಲ್ ಅಂದರೆ ಫೋಟೋ ಇದ್ದ ಹಾಗೆ, ಆ ಕ್ಷಣದಲ್ಲಿ ನಾಬ್‌ಗಳು ಎಲ್ಲಿದ್ದವೋ ಅಷ್ಟೇ. ಆಮೇಲೆ ಗೇನ್ ತಿರುಗಿಸಲು ಬರುವುದಿಲ್ಲ. ಸಮ ಅಂತರದಲ್ಲಿ ಹಿಡಿಯುವುದು ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ಈ ಆಂಪಿನಲ್ಲಿ 2ರಿಂದ 5ರ ನಡುವೆ ಟೋನ್ ತುಂಬಾ ಬದಲಾಗುತ್ತದೆ, 7ರ ಮೇಲೆ ಅಷ್ಟಿಲ್ಲ. ಹಾಗಾಗಿ 2, 3, 4, 5, 7, 10. ಮಾಸ್ಟರ್ 5ರಲ್ಲಿ, ಪವರ್ ವಾಲ್ವ್‌ಗಳೂ ಸ್ವಲ್ಪ ಬೆವರುವಷ್ಟು. ಟೋನ್ ನಾಬ್‌ಗಳನ್ನು ಕದಲಿಸಲಿಲ್ಲ. ಇದರ ಜೊತೆಗೆ ಮುಂದೆ ಓವರ್‌ಡ್ರೈವ್ ಪೆಡಲ್ ಇಟ್ಟು, ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ ಮಾಡಿ, ಗೇನ್ 5 ಮತ್ತು 7ರಲ್ಲಿ ಇನ್ನೆರಡು. ಹೆವಿ ರಿಫ್ ನುಡಿಸುವವರು ಕೇಳುವುದು ಅದನ್ನೇ. ಪೆಡಲ್ ಕೆಳಗಿನ ಬಾಸನ್ನು ಬಿಗಿ ಮಾಡುತ್ತದೆ, ಆಂಪ್ ಮಿಕ್ಕದ್ದನ್ನು ನೋಡಿಕೊಳ್ಳುತ್ತದೆ.

ಡಿಲೇ, ಕೋರಸ್, ರಿವರ್ಬ್ ಇವನ್ನು ಇದರಲ್ಲಿ ಹಿಡಿಯಲು ಹೋಗಬೇಡಿ. ನ್ಯಾಮ್‌ನ ಸಾಮಾನ್ಯ ಮಾಡೆಲ್ ಹಿಂದಕ್ಕೆ ನೋಡುವುದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಅದಕ್ಕಿಂತ ಉದ್ದದ ನೆನಪು ಬೇಕಾದ ಯಾವ ಎಫೆಕ್ಟೂ ಅದಕ್ಕೆ ದಕ್ಕುವುದಿಲ್ಲ. ನಾಯ್ಸ್ ಗೇಟ್ ಕೂಡ ಹೊರಗಿರಲಿ.

ಕಲಿಸುವುದು, ಆಮೇಲೆ ಕೇಳುವುದು

ಟ್ರೇನಿಂಗ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಸ್ವಂತ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಬ್ರೌಸರಿನಲ್ಲೇ ಗೂಗಲ್‌ನ ಕಂಪ್ಯೂಟರ್ ಬಳಸಲು ಕೊಡುವ ಗೂಗಲ್ ಕೋಲ್ಯಾಬ್‌ನಲ್ಲಿ. ಸ್ಟ್ಯಾಂಡರ್ಡ್ ಮಾಡೆಲ್, 100 ಇಪಾಕ್, ಅಂದರೆ ಇಡೀ ಪಾಠವನ್ನು ನೂರು ಸಲ ಓದಿಸುವುದು. ಹಳೇ ಲ್ಯಾಪ್‌ಟಾಪ್ ಇರುವವರಿಗೆ ಅಂತ ಹಗುರದ ಫೆದರ್ ಮಾಡೆಲ್‌ಗಳನ್ನೂ ಅದೇ ರೆಕಾರ್ಡಿಂಗಿನಿಂದ ತೆಗೆದೆ. ಎಲ್ಲರ ಕಂಪ್ಯೂಟರೂ ಹೊಸದಾಗಿರುವುದಿಲ್ಲ.

ಕೊನೆಗೆ ಪ್ರೋಗ್ರಾಂ ಇಎಸ್‌ಆರ್ ಅನ್ನುವ ಒಂದು ಅಂಕಿ ಕೊಡುತ್ತದೆ. ತಪ್ಪಿನ ಶಕ್ತಿಯನ್ನು ಸಿಗ್ನಲಿನ ಶಕ್ತಿಯಿಂದ ಭಾಗಿಸಿದ್ದು. 0.01 ಅಂದರೆ ನೂರಕ್ಕೆ ಒಂದು, ಡಿಬಿಯಲ್ಲಿ ಹೇಳಿದರೆ ತಪ್ಪು 20 ಡಿಬಿ ಕೆಳಗಿದೆ. ಅದಕ್ಕಿಂತ ಕಡಿಮೆ ಬಂದರೆ ಚೆನ್ನಾಗಿದೆ ಅನ್ನಬಹುದು. ಕ್ಲೀನ್ ಟೋನ್‌ಗಳಲ್ಲಿ ಸುಲಭವಾಗಿ ತುಂಬಾ ಕೆಳಗೆ ಹೋಗುತ್ತದೆ, ಗೇನ್ ಏರಿದಂತೆ ಅಂಕಿಯೂ ಏರುತ್ತದೆ.

ಆ ಅಂಕಿಯನ್ನೇ ಹಿಡಿದು ಕೂರುವುದು ನನಗೆ ಸರಿ ಕಾಣುವುದಿಲ್ಲ. ಗಿಟಾರಿನ ಶಕ್ತಿಯೆಲ್ಲ ಇರುವುದು ಕೆಳಗೆ ಮತ್ತು ನಡುವೆ. ಮೇಲಿನ ತುದಿಯಲ್ಲಿ ಶಕ್ತಿ ಕಡಿಮೆ, ಕಿವಿ ಮಾತ್ರ ಅಲ್ಲೇ ಚುರುಕು. ಅಂಕಿ ಚೆನ್ನಾಗಿದ್ದೂ ಸ್ವರ ಆರುವ ಹೊತ್ತಿನಲ್ಲಿ ಮರಳು ಉಜ್ಜಿದ ಸದ್ದು ಬರಬಹುದು. ಹಾಗಾಗಿ ಪ್ರತಿ ಫೈಲನ್ನೂ ಗಿಟಾರ್ ಹಿಡಿದು ಪರೀಕ್ಷಿಸಿದೆವು. ಒಂದೇ ಸ್ವರ ಬಾರಿಸಿ ಪೂರ್ತಿ ಆರುವವರೆಗೆ ಕೇಳುವುದು. ಗಿಟಾರಿನ ವಾಲ್ಯೂಮ್ 3ಕ್ಕೆ ಇಳಿಸಿ ಕ್ಲೀನ್ ಆಗುತ್ತದಾ ನೋಡುವುದು. ಅದೇ ಹೊತ್ತಿನಲ್ಲಿ ನಿಜವಾದ ಆಂಪಿಗೂ ಅದೇ ತುಣುಕು ಕಳಿಸಿ ಅದಲು ಬದಲು ಮಾಡಿ ಕೇಳುವುದು. ಯಾವುದು ಯಾವುದು ಅಂತ ನೋಡದೆ ಗೆಳೆಯ ಹೇಳಬೇಕು. ಅವನದೇ ಆಂಪ್, ಗೇನ್ 4ರಲ್ಲಿ ಅವನಿಗೆ ಗುರುತು ಹಿಡಿಯಲು ಆಗಲಿಲ್ಲ. ಗೇನ್ 10ರಲ್ಲಿ ಸ್ವಲ್ಪ ಹೊತ್ತು ಕೇಳಿ ಹಿಡಿದ: ಗಟ್ಟಿಯಾಗಿ ಕಾರ್ಡ್ ಬಾರಿಸಿದ ಕೂಡಲೇ ನಿಜವಾದ ಆಂಪ್ ಕ್ಷಣ ಕುಸಿದು ಮತ್ತೆ ಏಳುತ್ತದೆ, ಫೈಲಿನಲ್ಲಿ ಆ ಉಸಿರು ಕಡಿಮೆ. ಅದನ್ನೂ ಟಿಪ್ಪಣಿಯಲ್ಲಿ ಬರೆದಿದ್ದೇನೆ.

ಕ್ಯಾಬಿನೆಟ್‌ಗೆ ಐಆರ್

ಈ ಫೈಲ್‌ಗಳಲ್ಲಿ ಸ್ಪೀಕರ್ ಇಲ್ಲ. ಹಾಗೇ ಕೇಳಿದರೆ ಜೇನ್ನೊಣದ ಸದ್ದು ಕಿವಿಗೆ ಚುಚ್ಚುತ್ತದೆ. ಕ್ಯಾಬಿನೆಟ್ ಸೇರಿಸಿಯೇ ಹಿಡಿದಿದ್ದರೆ ಹೊಸಬರಿಗೆ ಸುಲಭ, ಆದರೆ ಸ್ಪೀಕರ್ ಬದಲಿಸುವ ಸ್ವಾತಂತ್ರ್ಯ ಹೋಗುತ್ತದೆ. ಹಾಗಾಗಿ ಆಂಪ್ ಬೇರೆ, ಕ್ಯಾಬಿನೆಟ್‌ನ ಇಂಪಲ್ಸ್ ರೆಸ್ಪಾನ್ಸ್ (ಐಆರ್, ಅಂದರೆ ಸ್ಪೀಕರ್ ಮತ್ತು ಮೈಕ್ ಸದ್ದನ್ನು ಬದಲಿಸುವ ರೀತಿಯನ್ನು ಹಿಡಿದ ಫೈಲ್) ಬೇರೆ.

ಐಆರ್ ನಾವೇ ತೆಗೆದೆವು. ಸೆಲೆಸ್ಟಿಯನ್ ವಿಂಟೇಜ್ 30 ಹಾಕಿದ ಕ್ಯಾಬಿನೆಟ್, ಮುಂದೆ ಶೂರ್ ಎಸ್ಎಂ57. ಮೈಕನ್ನು ಜಾಲರಿಗೆ ಎರಡು ಬೆರಳು ದೂರದಲ್ಲಿ ಇಟ್ಟು, ಡಸ್ಟ್ ಕ್ಯಾಪಿನ (ಸ್ಪೀಕರಿನ ನಡುವಿನ ದುಂಡು ಮುಚ್ಚಳ) ನಡುವಿನಿಂದ ಅಂಚಿಗೆ ಸರಿಸುತ್ತಾ ಹೋದೆವು. ನಡುವೆ ಇದ್ದಾಗ ಚೂಪು, ಅಂಚಿಗೆ ಬಂದಾಗ ದುಂಡು. ಕ್ಯಾಪ್ ಮುಗಿದು ಕೋನ್ ಶುರುವಾಗುವ ಗೆರೆಯ ಮೇಲೆ ನನಗೆ ಬೇಕಾದದ್ದು ಸಿಕ್ಕಿತು. ಕೆಳಗಿನಿಂದ ಮೇಲಕ್ಕೆ ಏರುವ ಸೈನ್ ಸ್ವೀಪ್ ನುಡಿಸಿ ರೆಕಾರ್ಡ್ ಮಾಡಿ, ಅದರಿಂದ ಐಆರ್ ಲೆಕ್ಕ ಹಾಕುವುದು. ಏಂಜೆಲೋ ಫರೀನಾ 2000ದಲ್ಲಿ ವಿವರಿಸಿದ ವಿಧಾನ. ಸ್ಪೀಕರಿನ ಡಿಸ್ಟಾರ್ಷನ್ನನ್ನು ಬೇರೆ ಮಾಡಿ ಕಳಚಿಡುವುದು ಇದರ ಹೆಚ್ಚುಗಾರಿಕೆ.

ಸ್ವೀಪ್ ನುಡಿಸಲು ವಾಲ್ವ್ ಆಂಪ್ ಬಳಸಲಿಲ್ಲ, ಸಾಲಿಡ್ ಸ್ಟೇಟ್ ಪವರ್ ಆಂಪ್ ಬಳಸಿದೆವು. ಸ್ಪೀಕರಿನ ಇಂಪಿಡೆನ್ಸ್ ಗುಡ್ಡ ರಿಯಾಕ್ಟಿವ್ ಲೋಡಿನಿಂದಾಗಿ ಆಂಪ್ ಫೈಲಿನಲ್ಲಿ ಈಗಾಗಲೇ ಕೂತಿದೆ. ಐಆರ್‌ನಲ್ಲೂ ಅದು ಸೇರಿದರೆ ಎರಡೆರಡು ಸಲ ಆಗುತ್ತದೆ, ಬಾಸ್ ಉಬ್ಬಿ ಕೆಸರಾಗುತ್ತದೆ.

ಪ್ಯಾಕ್ ಕಟ್ಟಿದ್ದು

ಹೆಸರಿಡುವುದರಲ್ಲಿ ಜಿಪುಣತನ ಮಾಡಲಿಲ್ಲ. ಪ್ರತಿ ಫೈಲಿನ ಹೆಸರಿನಲ್ಲೂ ಸರ್ಕ್ಯೂಟ್, ಹೈ ಇನ್‌ಪುಟ್ (ಆಂಪಿನ ಹೈ, ಲೋ ಎರಡು ಇನ್‌ಪುಟ್‌ಗಳಲ್ಲಿ ನಾವು ಬಳಸಿದ್ದು), ಗೇನ್, ಮಾಸ್ಟರ್, ಪೆಡಲ್ ಇದೆಯೋ ಇಲ್ಲವೋ, ಸ್ಟ್ಯಾಂಡರ್ಡೋ ಫೆದರೋ, ಎಲ್ಲ ಇದೆ. ಜೊತೆಗೆ ಒಂದು ಪುಟದ ಟಿಪ್ಪಣಿ: ಎಲ್ಲ ನಾಬ್‌ಗಳ ಜಾಗ, ಹಾಕಿದ ವಾಲ್ವ್‌ಗಳು, ಸಿಗ್ನಲ್ ಹೋದ ದಾರಿ, 10 ಡಿಬಿಯು, ಅದನ್ನು ನಿಮ್ಮ ಇಂಟರ್‌ಫೇಸಿಗೆ ಹೊಂದಿಸುವ ಲೆಕ್ಕ, ಇಎಸ್‌ಆರ್, ನಮಗೆ ಕೇಳಿಸಿದ ಕೊರತೆಗಳು. ಏನೂ ಕೇಳದೆ ಈ ಪುಟ ಒಂದನ್ನೇ ನೋಡಿ ಇನ್ನೊಬ್ಬರು ಇದೇ ಆಂಪನ್ನು ಹೀಗೇ ಹಿಡಿಯಲು ಆಗಬೇಕು, ಅಷ್ಟು ವಿವರ.

ಬೇರೆಯವರ ಐಆರ್ ಒಂದೂ ಸೇರಿಸಿಲ್ಲ. ದುಡ್ಡು ಕೊಟ್ಟು ಕೊಂಡ ಐಆರ್ ಆಗಲಿ, ಟೋನ್ ಆಗಲಿ ನಾವು ಬಳಸಬಹುದು, ಹಂಚುವ ಹಕ್ಕು ಸಾಮಾನ್ಯವಾಗಿ ನಮಗಿರುವುದಿಲ್ಲ. ಯಾರೋ ಕಷ್ಟಪಟ್ಟು ಮಾಡಿದ್ದನ್ನು ಫ್ರೀ ಅಂತ ಕೊಡುವುದು ಉದಾರತನವಲ್ಲ. ನಮ್ಮದಕ್ಕೆ ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬಿವೈ ಲೈಸೆನ್ಸ್ ಹಾಕಿದೆವು: ಬಳಸಿ, ಬದಲಿಸಿ, ಹಂಚಿ, ಎಲ್ಲಿಂದ ಬಂತು ಅಂತ ಹೇಳಿ. ವಾಣಿಜ್ಯ ಬಳಕೆ ಬೇಡ ಅನ್ನುವ ಲೈಸೆನ್ಸ್ ಹಾಕೋಣವಾ ಅಂತ ಮಾತು ಬಂತು. ನಾನು ಬೇಡ ಅಂದೆ. ಇದರಲ್ಲಿ ಹಾಡು ಮಾಡಿ ಮಾರುವ ಹುಡುಗ ಹುಡುಗಿಯರು ಇದು ನಡೆಯುತ್ತದೋ ಇಲ್ಲವೋ ಅಂತ ಅಂಜಿಕೊಂಡು ಪಕ್ಕಕ್ಕಿಡಬಾರದು. ಅವರು ನುಡಿಸಲಿ ಅಂತಲೇ ತಾನೇ ಇದನ್ನು ಮಾಡಿದ್ದು?

ಬಳಗದಲ್ಲಿ ಹಾಕಿದ ಮೇಲೆ ಬಂದ ಮೊದಲ ದೂರು ‘ಗೇನ್ 3 ಅಂತ ಇದೆ, ನನ್ನಲ್ಲಿ ತುಂಬಾ ಒಡೆಯುತ್ತಿದೆ’ ಅನ್ನುವುದು. ವಿಚಾರಿಸಿದರೆ ಅವರ ಇಂಟರ್‌ಫೇಸಿನ ಗೇನ್ ಅರ್ಧಕ್ಕಿತ್ತು. ಪೂರ್ತಿ ಇಳಿಸಿ, ಗರಿಷ್ಠ ಲೆವೆಲ್ ಅಂಕಿ ಹುಡುಕಿ ಪ್ಲಗಿನ್‌ಗೆ ಹಾಕಿ ಅಂದೆ. ಸ್ವಲ್ಪ ಹೊತ್ತಿನಲ್ಲಿ ಅವರೇ ಒಂದು ರೆಕಾರ್ಡಿಂಗ್ ಕಳಿಸಿದರು. ಮೆತ್ತಗೆ ಮೀಟಿದಾಗ ಕ್ಲೀನ್, ಒತ್ತಿ ಬಾರಿಸಿದಾಗ ಅಂಚು ಒಡೆಯುತ್ತದೆ, ಇಲ್ಲಿ ಮೇಜಿನ ಮೇಲಿರುವ ಆಂಪ್ ಮಾಡುವುದೂ ಅದನ್ನೇ. ಗೆಳೆಯನಿಗೆ ಕೇಳಿಸಿದೆ, ಎರಡೆರಡು ಸಲ ಹಾಕಿಸಿಕೊಂಡು ಕೇಳಿದ.

ಈಗ ಲೋ ಇನ್‌ಪುಟ್ ಬೇಕು ಅಂತ ಕೆಲವರು ಕೇಳಿದ್ದಾರೆ. 2204ರಲ್ಲಿ ಲೋಗೆ ಚುಚ್ಚಿದರೆ ಒಂದು ಗೇನ್ ಹಂತವೇ ತಪ್ಪಿಹೋಗುತ್ತದೆ, ಟೋನ್ ಬೇರೆಯದೇ. ಮಾಸ್ಟರ್ ಪೂರ್ತಿ ಏರಿಸಿ ಪವರ್ ವಾಲ್ವ್‌ಗಳನ್ನೇ ದುಡಿಸಿದರೆ ಅಲ್ಲಿ ಒಳ್ಳೇ ಬ್ಲೂಸ್ ಟೋನ್ ಇದೆ. ಆಂಪ್ ವಾಪಸ್ ಹೋಗುವುದರೊಳಗೆ ಅದನ್ನೂ ಹಿಡಿಯುತ್ತೇನೆ. ಡಬ್ಬಿಯ ನಾಬಿಗೆ ಹಚ್ಚಿದ ಟೇಪ್ ಇನ್ನೂ ತೆಗೆದಿಲ್ಲ.